ಖಾಲಿ ಗೋದಲಿಯ ನಾಲ್ಕು ವಾರ

ಡಿಸೆಂಬರ್ ಎರಡನೇ ವಾರ ಬಂತೆಂದರೆ ನಮ್ಮ ಮನೆಯಲ್ಲಿ ಒಂದು ಹಿಡಿ ರಾಗಿ ನೆನೆಹಾಕುತ್ತೇವೆ. ಅದು ಗೋದಲಿಗೆ, ಅಂದರೆ ಕ್ರಿಸ್ತಜಯಂತಿಗೆ ಮನೆಯಲ್ಲಿ ಕಟ್ಟುವ ಕೊಟ್ಟಿಗೆಗೆ. ಅಂಚು ಸವೆದ ಹಳೆಯ ತಟ್ಟೆಯೊಂದಕ್ಕೆ ಬೆರಳುದಪ್ಪ ಮಣ್ಣು ಹರಡಿ, ರಾತ್ರಿಯೆಲ್ಲ ನೆನೆದ ಕಾಳನ್ನು ಒತ್ತೊತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ದಿನಕ್ಕೆರಡು ಬಾರಿ ಕೈಯಿಂದ ನೀರು ಚಿಮುಕಿಸಬೇಕು. ಮೊದಲೆರಡು ದಿನ ಏನೂ ಕಾಣುವುದಿಲ್ಲ. ಆಮೇಲೆ ಮಣ್ಣು ಅಲ್ಲಲ್ಲಿ ಬಿರಿಯುತ್ತದೆ, ಸೂಜಿಮೊನೆಯಷ್ಟು ಹಸಿರು ಇಣುಕುತ್ತದೆ. ಹಬ್ಬದ ಹೊತ್ತಿಗೆ ಬೆರಳುದ್ದದ ಪೈರು. ಬಯಲುಸೀಮೆಯಲ್ಲಿ ರಾಗಿ, ಕರಾವಳಿಯಲ್ಲಿ ಭತ್ತ. ಕಾಳು ಯಾವುದಾದರೂ ಬಾಲಯೇಸುವಿನ ಕೊಟ್ಟಿಗೆಯ ಮುಂದೆ ಈ ಪುಟ್ಟ ಹೊಲ ಇದ್ದರೇ ಚೆಂದ.

ಅಲಂಕಾರದ ಮಿಕ್ಕ ಸಾಮಾನನ್ನೆಲ್ಲ 24ರ ಸಂಜೆ ಅಂಗಡಿಯಿಂದ ತರಬಹುದು. ಪೈರನ್ನು ತರಲಾಗದು. ಬಿತ್ತಲು ಮರೆತವರ ತಟ್ಟೆ ಬೋಳಾಗಿಯೇ ಉಳಿಯುತ್ತದೆ. ಆಗಮನ ಕಾಲ ಎಂದರೇನು ಎಂದು ಮಕ್ಕಳು ಕೇಳಿದಾಗ ನಾನು ತೋರಿಸುವುದು ಈ ತಟ್ಟೆಯನ್ನೇ.

ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ಕಥೋಲಿಕ ಧರ್ಮಸಭೆ ಆಗಮನ ಕಾಲ ಎಂದು ಆಚರಿಸುತ್ತದೆ. ಈ ದಿನಗಳಲ್ಲಿ ದೇವಾಲಯದಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ‘ಸಿದ್ಧರಾಗಿರಿ’. ಆದರೆ ಸಿದ್ಧತೆ ಎಂದರೇನು? ಹೊಟ್ಟೆ ಕಟ್ಟುವುದೇ? ನಸುಕಿನಲ್ಲೆದ್ದು ಬಲಿಪೂಜೆಗೆ ಹೋಗುವುದೇ? ಪಾಪನಿವೇದನೆಯೇ? ದಾನವೇ? ಸುಮಾರು 1,600 ವರ್ಷಗಳಿಂದ ಭಕ್ತರು ಈ ಪ್ರಶ್ನೆಗೆ ನಾನಾ ಬಗೆಯಲ್ಲಿ ಉತ್ತರಿಸುತ್ತ ಬಂದಿದ್ದಾರೆ. ಆ ಉತ್ತರಗಳನ್ನು ಒಂದೆಡೆ ಇಟ್ಟು ನೋಡಿದರೆ, ಅವೆಲ್ಲವೂ ಒಂದೇ ಕೆಲಸದತ್ತ ಬೆರಳು ತೋರುತ್ತವೆ ಎಂದು ನನಗನ್ನಿಸಿದೆ: ಬರುವವನಿಗೆ ಜಾಗ ಬಿಡುವುದು.

ಉಪವಾಸದಿಂದ ನಿರೀಕ್ಷೆಗೆ

ಈ ಕಾಲದ ಹುಟ್ಟು ಒಂದೇ ಊರಿನದಲ್ಲ. ಸ್ಪೇನಿನ ಸರಗೋಸಾದಲ್ಲಿ 380ರಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ಡಿಸೆಂಬರ್ 17ರಿಂದ ಜನವರಿ 6ರವರೆಗೆ, ಅಂದರೆ 21 ದಿನ, ಯಾರೂ ದೇವಾಲಯಕ್ಕೆ ಹೋಗುವುದನ್ನು ತಪ್ಪಿಸಬಾರದು ಎಂದು ವಿಧಿಸಿತು. ಐದನೇ ಶತಮಾನದ ಕೊನೆಯ ಭಾಗದಲ್ಲಿ ಈಗಿನ ಫ್ರಾನ್ಸಿನ ತೂರ್ ನಗರದ ಧರ್ಮಾಧ್ಯಕ್ಷ ಪೆರ್ಪೆಚುವಸ್ ಇನ್ನೊಂದು ಕಟ್ಟಳೆ ತಂದರು. ನವೆಂಬರ್ 11ರ ಸಂತ ಮಾರ್ಟಿನರ ಹಬ್ಬ ಕಳೆದ ಮೇಲೆ ಕ್ರಿಸ್ತಜಯಂತಿಯವರೆಗೆ ವಾರಕ್ಕೆ ಮೂರು ದಿನ ಉಪವಾಸ. ಜನ ಇದನ್ನು ಮಾರ್ಟಿನರ ತಪಸ್ಸುಕಾಲ ಎಂದೇ ಕರೆದರು. ಪೂರ್ವದ ಧರ್ಮಸಭೆಗಳಲ್ಲಿ 40 ದಿನಗಳ ಉಪವಾಸ ಬೆಳೆದುಬಂತು.

ರೋಮಿನ ದಾರಿ ಸ್ವಲ್ಪ ಬೇರೆ. ಅಲ್ಲಿ ಉಪವಾಸಕ್ಕಿಂತ ಆರಾಧನೆಗೆ ಒತ್ತು ಬಿತ್ತು. 590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗೊರಿಯವರ ಕಾಲಕ್ಕೆ ಇದೊಂದು ಸ್ಪಷ್ಟ ಆರಾಧನಾ ಕಾಲವಾಗಿ ರೂಪುಗೊಂಡು, ಮುಂದೆ ನಾಲ್ಕು ಭಾನುವಾರಗಳ ಲೆಕ್ಕ ನೆಲೆನಿಂತಿತು. ಇಟಲಿಯ ಮಿಲಾನ್ ಮಾತ್ರ ತನ್ನ ಸಂತ ಅಂಬ್ರೋಸರ ಸಂಪ್ರದಾಯವನ್ನು ಬಿಡದೆ ಇಂದಿಗೂ ಆರು ವಾರಗಳ ಆಗಮನ ಕಾಲವನ್ನೇ ಆಚರಿಸುತ್ತದೆ.

ಈಗ ಲ್ಯಾಟಿನ್ ವಿಧಿಯ ಕಥೋಲಿಕರಿಗೆ ಆಗಮನ ಕಾಲದಲ್ಲಿ ಉಪವಾಸದ ಕಟ್ಟಳೆಯಿಲ್ಲ. ಸಿರೋ-ಮಲಬಾರ್ ಸಭೆಯವರು 25 ದಿನಗಳ ನೋಂಬನ್ನು ಬಿಟ್ಟಿಲ್ಲ. ಕೇರಳದಿಂದ ಬಂದು ಬೆಳ್ತಂಗಡಿ, ಭದ್ರಾವತಿ ಕಡೆಯ ತೋಟಗಳಲ್ಲಿ ನೆಲೆಸಿದ ಎಷ್ಟೋ ಕುಟುಂಬಗಳು ಡಿಸೆಂಬರ್ ಒಂದರಿಂದ ಮೀನು, ಮಾಂಸ ತೊರೆದು ಹಬ್ಬಕ್ಕೆ ಕಾಯುತ್ತವೆ. ಕಟ್ಟಳೆ ಸಡಿಲವಾದ ನಮ್ಮಂಥವರು ಆ ಮನೆಗಳಿಂದ ಕಲಿಯುವುದಿದೆ. ಹಸಿವು ನೆನಪನ್ನು ಹರಿತವಾಗಿಡುತ್ತದೆ. ತುಂಬಿದ ಹೊಟ್ಟೆಗೆ ಕಾಯುವ ಗರಜಿರುವುದಿಲ್ಲ.

ಎರಡು ಬರುವಿಕೆ, ನಡುವೆ ಇನ್ನೊಂದು

ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ ಪೋಪ್ ಆರನೇ ಪೌಲರು ಹೊರತಂದ ಆರಾಧನಾ ವರ್ಷದ ನಿಯಮಾವಳಿ ಆಗಮನ ಕಾಲಕ್ಕೆ ಎರಡು ಮುಖಗಳನ್ನು ಗುರುತಿಸುತ್ತದೆ. ಒಂದು, ದೇವಪುತ್ರ ಮನುಷ್ಯನಾಗಿ ಬಂದ ಮೊದಲ ಆಗಮನದ ಸ್ಮರಣೆ. ಇನ್ನೊಂದು, ಯುಗಾಂತ್ಯದಲ್ಲಿ ಅವನು ಮತ್ತೆ ಬರುವನೆಂಬ ನಿರೀಕ್ಷೆ. ಆದ್ದರಿಂದ ಇದು ಭಕ್ತಿಯೂ ಸಂತೋಷವೂ ಕೂಡಿದ ಕಾಯುವಿಕೆ ಎಂದು ಆ ನಿಯಮಾವಳಿ ಹೇಳುತ್ತದೆ. ನೇರಳೆ ಬಣ್ಣದ ಪೂಜಾವಸ್ತ್ರ ತಪಸ್ಸುಕಾಲವನ್ನು ನೆನಪಿಸಿದರೂ ಎರಡೂ ಒಂದೇ ಅಲ್ಲ. ತಪಸ್ಸುಕಾಲದಲ್ಲಿ ಅಲ್ಲೆಲೂಯ ಮೌನವಾಗುತ್ತದೆ, ಆಗಮನ ಕಾಲದಲ್ಲಿ ಅದು ಉಳಿಯುತ್ತದೆ. ಭಾನುವಾರದ ಮಹಿಮಾಗೀತೆಯನ್ನು ಮಾತ್ರ ಬಿಡುತ್ತಾರೆ, ಹಬ್ಬದ ರಾತ್ರಿ ದೇವದೂತರ ಹಾಡಾಗಿ ಅದು ಹೊಸದಾಗಿ ಕೇಳಲೆಂದು. ಮೂರನೇ ಭಾನುವಾರ ನೇರಳೆಯ ಬದಲು ಗುಲಾಬಿ ಬಣ್ಣ ಬರುತ್ತದೆ. ಅರ್ಧ ದಾರಿ ನಡೆದವರಿಗೆ ಅದು ಸಂತೋಷದ ಭಾನುವಾರ.

ನವೆಂಬರ್ 30ಕ್ಕೆ ಹತ್ತಿರದ ಭಾನುವಾರ ಈ ಕಾಲ ಆರಂಭವಾಗುವುದರಿಂದ ಅದರ ಉದ್ದ ವರ್ಷವರ್ಷಕ್ಕೂ ಬದಲಾಗುತ್ತದೆ. 2022ರಲ್ಲಿ ಪೂರ್ತಿ 28 ದಿನ ಸಿಕ್ಕವು, 2023ರಲ್ಲಿ 22 ಮಾತ್ರ. ಆ ವರ್ಷ ಡಿಸೆಂಬರ್ 24ರ ಬೆಳಿಗ್ಗೆ ನಾಲ್ಕನೇ ಭಾನುವಾರದ ಪೂಜೆ, ಅದೇ ರಾತ್ರಿ ಹಬ್ಬದ ಪೂಜೆ. ಕೊನೆಯ ವಾರ ಒಂದೇ ಹಗಲಿನಲ್ಲಿ ಮುಗಿದುಹೋಯಿತು. ಇನ್ನೂ ಸಮಯವಿದೆ ಎಂದುಕೊಂಡವರಿಗೆ ಆ ವರ್ಷದ ಕ್ಯಾಲೆಂಡರೇ ಪ್ರಬೋಧನೆ ಮಾಡಿತು.

ಮೊದಲ ಮತ್ತು ಕೊನೆಯ ಆಗಮನಗಳ ನಡುವೆ ಮೂರನೆಯದೂ ಒಂದಿದೆ ಎಂದು ತೋರಿಸಿಕೊಟ್ಟವರು 12ನೇ ಶತಮಾನದ ಸಂತ ಬರ್ನಾರ್ಡ್. ಕ್ಲೇರ್ವೋ ಮಠದ ಸನ್ಯಾಸಿಗಳಿಗೆ ನೀಡಿದ ಆಗಮನ ಕಾಲದ ಪ್ರಬೋಧನೆಗಳಲ್ಲಿ ಅವರು ವಿವರಿಸುವ ಪ್ರಕಾರ, ಮೊದಲನೆಯ ಆಗಮನ ದೇಹದ ದೌರ್ಬಲ್ಯದಲ್ಲಿ ಆಯಿತು. ಕೊನೆಯದು ಮಹಿಮೆಯಲ್ಲಿ ಆಗಲಿದೆ. ನಡುವಿನದು ಮಾತ್ರ ಗುಟ್ಟಾಗಿ, ನಂಬಿದವರ ಅಂತರಂಗದಲ್ಲಿ ನಡೆಯುತ್ತಲೇ ಇದೆ. ಮೊದಲಿನದರಿಂದ ಕೊನೆಯದಕ್ಕೆ ನಮ್ಮನ್ನು ಕರೆದೊಯ್ಯುವ ದಾರಿ ಈ ನಡುವಿನ ಬರುವಿಕೆ. ನನ್ನ ಮಟ್ಟಿಗೆ ಆಗಮನ ಕಾಲದ ಬಗ್ಗೆ ಇದಕ್ಕಿಂತ ಉಪಯುಕ್ತ ಮಾತನ್ನು ಯಾರೂ ಹೇಳಿಲ್ಲ. ಬೆತ್ಲೆಹೇಮಿಗೆ ಹಿಂದಿರುಗಿ ಹೋಗಲಾರೆವು, ಯುಗಾಂತ್ಯದ ದಿನವನ್ನು ಎಣಿಸಲಾರೆವು. ಇಂದು ಬಾಗಿಲು ತಟ್ಟುವವನಿಗೆ ಬಾಗಿಲು ತೆರೆಯುವುದು ಮಾತ್ರ ನಮ್ಮ ಕೈಯಲ್ಲಿದೆ.

ನಾಲ್ವರು ಗುರುಗಳು

ಈ ನಾಲ್ಕು ವಾರಗಳ ವಾಚನಗಳಲ್ಲಿ ನಾಲ್ಕು ಮುಖಗಳು ಎದುರಾಗುತ್ತವೆ. ಮೊದಲನೆಯವನು ಪ್ರವಾದಿ ಯೆಶಾಯ. ಕಡಿದುಹಾಕಿದ ಮರದ ಬುಡದಿಂದ ಚಿಗುರೊಡೆಯುತ್ತದೆ, ಕತ್ತಿಗಳು ನೇಗಿಲ ಗುಳಗಳಾಗುತ್ತವೆ, ಮರುಭೂಮಿಯಲ್ಲಿ ಹೆದ್ದಾರಿ ಹುಟ್ಟುತ್ತದೆ ಎಂದು ಅವನು ಸೋತ ಜನರಿಗೆ ಹೇಳಿದ. ಇಲ್ಲದ್ದನ್ನು ಇದೆಯೆಂದು ಹೇಳುವ ಸುಳ್ಳು ಸಮಾಧಾನ ಅದಲ್ಲ. ಮಣ್ಣಿನ ಒಳಗಿರುವುದನ್ನು ಬಲ್ಲ ರೈತನ ಧೈರ್ಯ ಅದು.

ಎರಡನೆಯವನು ಸ್ನಾನಿಕ ಯೊವಾನ್ನ. ಎರಡನೇ, ಮೂರನೇ ಭಾನುವಾರಗಳು ಅವನವು. ಸಂತ ಲೂಕರ ಶುಭಸಂದೇಶದಲ್ಲಿ ಜನ ಅವನನ್ನು ಸುತ್ತುಗಟ್ಟಿ, ಹಾಗಾದರೆ ನಾವೇನು ಮಾಡಬೇಕು ಎಂದು ಕೇಳುವ ಪ್ರಸಂಗವಿದೆ. ಸಿದ್ಧತೆಯ ಬಗ್ಗೆ ನೇರ ಪ್ರಶ್ನೆ, ನೇರ ಉತ್ತರ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಊಟ ಇದ್ದವನೂ ಹಾಗೆಯೇ ಮಾಡಲಿ. ಸುಂಕದವರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ. ಸೈನಿಕರು ಯಾರನ್ನೂ ಬೆದರಿಸಿ ಹಣ ಕೀಳದೆ ಸಂಬಳದಲ್ಲಿ ತೃಪ್ತರಾಗಿರಲಿ. ಮರುಭೂಮಿಯಲ್ಲಿ ಒಂಟೆಯ ಕೂದಲಿನ ಬಟ್ಟೆ ತೊಟ್ಟು ಮಿಡತೆ ತಿಂದು ಬದುಕಿದವನು, ನೀವೂ ಹೀಗೆಯೇ ಬದುಕಿ ಎಂದು ಯಾರಿಗೂ ಹೇಳಲಿಲ್ಲ. ಕೆಲಸ ಬಿಡಿ ಎಂದೂ ಹೇಳಲಿಲ್ಲ. ಅವರವರ ಕಸುಬಿನೊಳಗೆ ಕೈ ಶುದ್ಧವಾಗಿಟ್ಟುಕೊಳ್ಳಿ ಎಂದ. ಬೀರು ತುಂಬ ಬಟ್ಟೆ ಇದ್ದೂ ಹಬ್ಬಕ್ಕೆ ಇನ್ನೊಂದು ಜೊತೆ ಕೊಳ್ಳುವ ನಮಗೆ ಆ ಎರಡನೇ ಅಂಗಿಯ ಮಾತು ಇಂದಿಗೂ ಚುಚ್ಚಬೇಕು.

ಕೊನೆಯ ದಿನಗಳು ಮಾತೆ ಮರಿಯಮ್ಮನವರಿಗೆ ಮತ್ತು ಸಂತ ಜೋಸೆಫರಿಗೆ ಸೇರಿದವು. ಮರಿಯಮ್ಮನಿಗೆ ಸಲ್ಲಿಸುವ ಭಕ್ತಿಗೆ ಆಗಮನ ಕಾಲ ವಿಶೇಷವಾಗಿ ಒಪ್ಪುವ ಸಮಯ ಎಂದು ಆರನೇ ಪೌಲರು 1974ರ ತಮ್ಮ ಪ್ರೇರಣಾಪತ್ರದಲ್ಲಿ ಬರೆದರು. ಅದಕ್ಕೆ ಕಾರಣ ಸರಳ. ತನ್ನ ಒಡಲಲ್ಲೇ ಜಾಗ ಬಿಟ್ಟುಕೊಟ್ಟು ಅಕ್ಷರಶಃ ಕಾದವಳು ಆಕೆ. ಗಬ್ರಿಯೇಲ್ ದೂತನಿಗೆ ಒಪ್ಪಿಗೆ ಕೊಟ್ಟ ಮೇಲೆ ಆಕೆ ಮನೆಯಲ್ಲಿ ಕೂರಲಿಲ್ಲ. ವಯಸ್ಸಾದ ಬಸುರಿ ಎಲಿಜಬೇತಮ್ಮನ ಚಾಕರಿಗೆಂದು ಬೆಟ್ಟದ ಸೀಮೆಗೆ ಅವಸರದಿಂದ ಹೊರಟಳು. ಜೋಸೆಫರದು ಶುಭಸಂದೇಶದಲ್ಲಿ ಒಂದು ಮಾತೂ ದಾಖಲಾಗಿಲ್ಲ. ಕನಸಿನಲ್ಲಿ ಕೇಳಿದ್ದನ್ನು ಎದ್ದು ಮಾಡಿದವರು ಅವರು.

ಬೆಳಕು, ಹುಲ್ಲು, ಏಳು ಕರೆಗಳು

ದೇವಾಲಯದಲ್ಲಿ ವಾರಕ್ಕೊಂದರಂತೆ ಮೇಣದಬತ್ತಿ ಹಚ್ಚುವ ಹಸಿರು ಬಳೆಯನ್ನು ಎಲ್ಲರೂ ನೋಡಿದ್ದೇವೆ. ಅದು ಹಳೆಯ ಕಥೋಲಿಕ ಪದ್ಧತಿಯಲ್ಲ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಲೂಥರನ್ ಪಾದ್ರಿ ಯೋಹಾನ್ ಹಿನ್ರಿಖ್ ವಿಖೆರ್ನ್ 1839ರಲ್ಲಿ ಗಾಡಿಯ ಚಕ್ರವೊಂದರ ಮೇಲೆ ವಾರದ ದಿನಗಳಿಗೆ 20 ಸಣ್ಣ ಕೆಂಪು ಬತ್ತಿ, ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ ನಿಲ್ಲಿಸಿದರು. ಹಬ್ಬ ಯಾವಾಗ ಬರುತ್ತದೆ ಎಂದು ದಿನವೂ ಕೇಳುವ ಮಕ್ಕಳಿಗೆ ಅದೇ ಲೆಕ್ಕದ ಹಲಗೆಯಾಯಿತು. ಕಥೋಲಿಕರು ಅದನ್ನು 20ನೇ ಶತಮಾನದಲ್ಲಿ ತಮ್ಮದಾಗಿಸಿಕೊಂಡರು. ದಿಕ್ಕಿಲ್ಲದ ಮಕ್ಕಳಿಗಾಗಿ ಹುಟ್ಟಿದ ದೀಪ ಸಭಾಭೇದದ ಗೋಡೆ ದಾಟಿ ನಮ್ಮ ಪೀಠದ ಪಕ್ಕಕ್ಕೆ ಬಂತು.

ಗೋದಲಿಯ ಕಥೆ ಇನ್ನೂ ಹಿಂದಿನದು. 1223ರ ಡಿಸೆಂಬರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಗೆಳೆಯನೊಬ್ಬನಿಗೆ ಮೊದಲೇ ಹೇಳಿ ಹುಲ್ಲು ತುಂಬಿದ ದನದ ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ ತರಿಸಿದರು. ಹುಟ್ಟಿದ ಕೂಸು ಪಟ್ಟ ಕಷ್ಟವನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಆಸೆ. ಅವರ ಚರಿತ್ರೆ ಬರೆದ ಚೆಲಾನೊದ ತೊಮಾಸರ ವಿವರದಲ್ಲಿ ಬೊಂಬೆಗಳ ಸುದ್ದಿಯೇ ಇಲ್ಲ. ಹಳ್ಳಿಯ ಜನ ಪಂಜು ಹಿಡಿದು ಬಂದರು, ಆ ತೊಟ್ಟಿಯ ಬಳಿಯೇ ಬಲಿಪೂಜೆ ನಡೆಯಿತು. ಮೊದಲ ಗೋದಲಿ ಖಾಲಿಯಾಗಿತ್ತು. ಅದನ್ನು ತುಂಬಿದ್ದು ಪರಮಪ್ರಸಾದ ಮತ್ತು ನೆರೆದವರ ವಿಶ್ವಾಸ. 2019ರ ಡಿಸೆಂಬರ್ 1ರಂದು, ಆಗಮನ ಕಾಲದ ಮೊದಲ ಭಾನುವಾರ, ಪೋಪ್ ಫ್ರಾನ್ಸಿಸರು ಅದೇ ಗ್ರೆಚ್ಚೊಗೆ ಹೋಗಿ ಗೋದಲಿಯ ಅರ್ಥ ಕುರಿತ ತಮ್ಮ ಪತ್ರಕ್ಕೆ ಸಹಿ ಹಾಕಿದರು.

ಡಿಸೆಂಬರ್ 17ರಿಂದ 23ರವರೆಗಿನ ಸಂಜೆಯ ಪ್ರಾರ್ಥನೆಯಲ್ಲಿ ದಿನಕ್ಕೊಂದು ಹೆಸರಿನಿಂದ ಕ್ರಿಸ್ತನನ್ನು ಕೂಗಿ ಕರೆಯುವ ಪುರಾತನ ಕರೆಗಳಿವೆ. ಜ್ಞಾನ, ಪ್ರಭು, ಜೆಸ್ಸೆಯ ಬೇರು, ದಾವೀದನ ಬೀಗದಕೈ, ಉದಯದ ಬೆಳಕು, ರಾಷ್ಟ್ರಗಳ ಅರಸ, ಇಮ್ಮಾನುವೇಲ. ಲ್ಯಾಟಿನ್ ಭಾಷೆಯಲ್ಲಿ ಈ ಏಳು ಹೆಸರುಗಳ ಮೊದಲಕ್ಷರಗಳನ್ನು ಕೊನೆಯಿಂದ ಹಿಂದಕ್ಕೆ ಜೋಡಿಸಿದರೆ ‘ಎರೋ ಕ್ರಾಸ್’ ಎಂದಾಗುತ್ತದೆ. ನಾಳೆ ಇರುವೆನು ಎಂದರ್ಥ. ಏಳು ದಿನ ನಾವು ಬಾ ಎಂದು ಕರೆದುದಕ್ಕೆ ಕರೆಯ ಒಳಗಿಂದಲೇ ಮಾರುತ್ತರ.

ಇದನ್ನು ಮೊದಲ ಬಾರಿ ತಿಳಿದಾಗ ನನಗೆ ನೆನಪಾದದ್ದು ನಮ್ಮೂರ ಕಡೆಯ ಬಾಗಿಲುಗಳ ಮೇಲಿನ ‘ನಾಳೆ ಬಾ’ ಬರಹ. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನೋದಿ ದಿನವೂ ಹಿಂದಿರುಗುತ್ತದೆ ಎಂಬ ನಂಬಿಕೆ ಅದು. ದೇವರಿಗೂ ನಾವು ಅದನ್ನೇ ಬರೆದಿಟ್ಟಿದ್ದೇವೆ. ಪ್ರಾರ್ಥನೆ ನಾಳೆ, ರಾಜಿ ನಾಳೆ, ಕೊಡುವುದು ನಾಳೆ. ಅವನು ನಾಳೆ ಬರುತ್ತೇನೆ ಎಂದದ್ದು ಮಾತು ಕೊಟ್ಟಂತೆ. ನಾವು ನಾಳೆ ಬಾ ಎನ್ನುವುದು ಬಾಗಿಲು ಹಾಕಿಕೊಂಡಂತೆ.

ನಸುಕಿನ ಗಂಟೆಗಳು

ಕಾಯುವುದಕ್ಕೆ ನಸುಕಿನ ಹೊತ್ತನ್ನು ಆರಿಸಿಕೊಂಡ ನಾಡುಗಳು ಹಲವು. ಫಿಲಿಪ್ಪೀನ್ಸಿನಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ಸೂರ್ಯ ಹುಟ್ಟುವ ಮುಂಚೆಯೇ ದೇವಾಲಯ ತುಂಬಿರುತ್ತದೆ. ಹೊಲಕ್ಕೆ ಹೋಗುವ ರೈತರ ಅನುಕೂಲಕ್ಕೆಂದು ಬೆಳೆದ ಪದ್ಧತಿ ಅದು. ಪೋಲೆಂಡಿನಲ್ಲಿ ಮಕ್ಕಳು ಕೈಯಲ್ಲಿ ಲಾಟೀನು ಹಿಡಿದು ಕತ್ತಲಲ್ಲೇ ಮರಿಯಮ್ಮನ ಪೂಜೆಗೆ ಹೋಗುತ್ತಾರೆ. ಮೆಕ್ಸಿಕೊದಲ್ಲಿ ಅವೇ ಒಂಬತ್ತು ದಿನ ಸಂಜೆ ಜನ ಮನೆಯಿಂದ ಮನೆಗೆ ಹೋಗಿ, ಜೋಸೆಫ ಮರಿಯರಂತೆ ತಂಗಲು ಜಾಗ ಕೇಳುತ್ತಾರೆ. ಕೆಲವು ಬಾಗಿಲು ಇಲ್ಲವೆನ್ನುತ್ತವೆ, ಕೊನೆಯ ಮನೆ ಬರಮಾಡಿಕೊಳ್ಳುತ್ತದೆ. ನಮ್ಮಲ್ಲೂ ಡಿಸೆಂಬರಿನ ನಡುವೆ ಧನುರ್ಮಾಸ ಶುರುವಾಗಿ ಗುಡಿಗಳ ಗಂಟೆ ನಸುಕಿನಲ್ಲೇ ಮೊಳಗುತ್ತದೆ. ಬೆಳಕಿಗೆ ಮುಂಚೆ ಎದ್ದು ಕೈಮುಗಿಯುವ ನೆರೆಯವರ ನಿಷ್ಠೆ ನಮ್ಮನ್ನೂ ಎಬ್ಬಿಸಲಿ.

ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಈ ದಿನಗಳೆಂದರೆ ಹಬ್ಬದ ತಿಂಡಿಗಳ ಕುಸ್ವಾರ್. ಇಡೀ ಕುಟುಂಬ ಕೂತು ಕಿಡಿಯೊ ಸುರುಳುವುದು, ನೆವ್ರಿಗೆ ಹೂರಣ ತುಂಬುವುದು, ಕರಿದದ್ದನ್ನು ಡಬ್ಬಿಗೆ ಹಾಕಿ ಹಬ್ಬದವರೆಗೆ ಮುಟ್ಟದಿರುವುದು. ಆಮೇಲೆ ಆ ತಿಂಡಿಯ ತಟ್ಟೆ ಜಾತಿ ಮತ ನೋಡದೆ ಅಕ್ಕಪಕ್ಕದ ಮನೆಗಳಿಗೆ ಹೋಗುತ್ತದೆ. ಮಾಡುವುದು, ಕಾಯುವುದು, ಹಂಚುವುದು ಮೂರೂ ಅದರಲ್ಲಿವೆ.

ಕೈಕೋಳದಲ್ಲಿ ಬರೆದ ಧ್ಯಾನ

ಸಡಗರವೇ ಇಲ್ಲದ ಜಾಗದಲ್ಲಿ ಆಗಮನ ಕಾಲ ಹೇಗಿರುತ್ತದೆ? 1944ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿ ಯೇಸುಸಭೆಯ ಗುರು ಆಲ್ಫ್ರೆಡ್ ಡೆಲ್ಪ್ ಅದನ್ನು ಬರೆದಿಟ್ಟರು. ನಾಜಿ ಆಡಳಿತವನ್ನು ವಿರೋಧಿಸಿದವರ ಗುಂಪಿನಲ್ಲಿದ್ದ ಅವರನ್ನು ಆ ಜುಲೈನಲ್ಲಿ ಬಂಧಿಸಿದ್ದರು. ಕೋಳ ತೊಡಿಸಿದ ಕೈಗಳಿಂದ ಚೂರು ಕಾಗದಗಳ ಮೇಲೆ ಬರೆದ ಧ್ಯಾನಗಳು ಗುಟ್ಟಾಗಿ ಹೊರಬಂದವು. ಮನುಷ್ಯ ಬುಡಸಮೇತ ಅಲುಗಾಡಿ ಎಚ್ಚರಗೊಳ್ಳುವ ಕಾಲವೇ ಆಗಮನ ಕಾಲ ಎಂಬುದು ಅವರ ಕಾಣ್ಕೆ. ಸೆರೆಯಾದವನು ತನ್ನ ಕೋಣೆಯ ಬಾಗಿಲನ್ನು ಒಳಗಿನಿಂದ ತೆರೆಯಲಾರ. ಅದು ಹೊರಗಿನಿಂದಲೇ ತೆರೆಯಬೇಕು. ರಕ್ಷಣೆಗೆ ಕಾಯುವ ಮನುಷ್ಯಕುಲದ ಸ್ಥಿತಿಯನ್ನು ಅವರು ಆ ಕೋಣೆಯಲ್ಲಿ ಕೂತು ಅರಿತರು. ಆ ಡಿಸೆಂಬರ್ 8ರಂದು ಸೆರೆಮನೆಯಲ್ಲೇ ತಮ್ಮ ಸಭೆಯ ಅಂತಿಮ ವ್ರತ ಸ್ವೀಕರಿಸಿದರು. 1945ರ ಫೆಬ್ರುವರಿ 2ರಂದು ಅವರನ್ನು ಗಲ್ಲಿಗೇರಿಸಿದರು. ಆಗ ಅವರ ವಯಸ್ಸು 37.

ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಡೊರೊಥಿ ಡೇ ತಮ್ಮ ‘ಕ್ಯಾಥೊಲಿಕ್ ವರ್ಕರ್’ ಪತ್ರಿಕೆಯಲ್ಲಿ ಕ್ರಿಸ್ತನಿಗೆ ಜಾಗ ಕೊಡುವುದರ ಬಗ್ಗೆ ಒಂದು ಲೇಖನ ಬರೆದರು. ಎರಡು ಸಾವಿರ ವರ್ಷ ತಡವಾಗಿ ಹುಟ್ಟಿದೆವು, ಅವನಿಗೆ ಆಶ್ರಯ ಕೊಡುವ ಭಾಗ್ಯ ತಪ್ಪಿತು ಎಂದು ಕೊರಗಬೇಕಿಲ್ಲ. ಇಂದು ಸೂರಿಲ್ಲದವರ ದನಿಯಲ್ಲಿ ಕೇಳುತ್ತಿರುವವನು ಅವನೇ ಎಂಬುದು ಅದರ ತಿರುಳು. ಬರ್ನಾರ್ಡರು ಹೇಳಿದ ನಡುವಿನ ಆಗಮನಕ್ಕೆ ಆಕೆ ಬೀದಿಯ ವಿಳಾಸ ಬರೆದುಕೊಟ್ಟರು. ಬರಿಯ ಬರಹವಲ್ಲ ಅದು. ನಿರಾಶ್ರಿತರಿಗೆ ಊಟ, ಹಾಸಿಗೆ ಕೊಡುವ ಮನೆಗಳನ್ನು ಆಕೆ ಕಟ್ಟಿ ನಡೆಸುತ್ತಿದ್ದರು.

ಇಂದಿನ ತೊಡಕು

ಈಗ ನವೆಂಬರ್ ಮುಗಿಯುವ ಮುಂಚೆಯೇ ಮಾಲ್‌ಗಳಲ್ಲಿ ಮರ ನಿಲ್ಲುತ್ತದೆ, ಡಿಸೆಂಬರ್ ಮೊದಲ ವಾರದಿಂದ ಕಚೇರಿ, ಶಾಲೆ, ಸಂಘಗಳಲ್ಲಿ ಕೇಕ್ ಕತ್ತರಿಸುತ್ತಾರೆ. ನಮ್ಮ ಧರ್ಮಕೇಂದ್ರಗಳ ಕ್ಯಾರಲ್ ತಂಡಗಳೂ ಹುಟ್ಟುವ ಮುಂಚೆಯೇ ಹುಟ್ಟಿದನೆಂದು ಹಾಡುತ್ತ ಹೊರಡುತ್ತವೆ. ಜನ ಸೇರುವ ಸಂತೋಷವನ್ನು ನಾನು ದೂರುವುದಿಲ್ಲ. ಆದರೆ 25ರ ಬೆಳಿಗ್ಗೆಗೇ ಹಬ್ಬ ಹಳಸಿದಂತಾಗಿ 26ಕ್ಕೆ ನಕ್ಷತ್ರ ಇಳಿಸುವ ಮನೆಗಳನ್ನು ಕಂಡಾಗ ಏನೋ ಕಳೆದುಕೊಂಡೆವು ಅನ್ನಿಸುತ್ತದೆ. ಆರಾಧನಾ ಕ್ರಮದಲ್ಲಿ ಹಬ್ಬ ಶುರುವಾಗುವುದೇ 24ರ ರಾತ್ರಿ. ಅಲ್ಲಿಂದ ಜನವರಿಯವರೆಗೆ ಸಂಭ್ರಮಿಸಲು ದಿನಗಳಿವೆ. ಕಾಯದೆ ಉಂಡವರಿಗೆ ಆ ದಿನಗಳ ರುಚಿ ಹತ್ತುವುದಿಲ್ಲ.

ಹಾಗಾದರೆ ನಾವೇನು ಮಾಡಬೇಕು? ಯೊವಾನ್ನನನ್ನು ಕೇಳಿದ ಪ್ರಶ್ನೆಯೇ ಇದು. ಉತ್ತರವೂ ಅಷ್ಟೇ ಸರಳವಾಗಿರಲಿ. ದಿನಕ್ಕೆ ಹತ್ತು ನಿಮಿಷ ಮೊಬೈಲ್ ಪಕ್ಕಕ್ಕಿಟ್ಟು ಅಂದಿನ ಶುಭಸಂದೇಶ ಓದೋಣ. ರಾತ್ರಿ ಊಟಕ್ಕೆ ಮುಂಚೆ ಮನೆಮಂದಿ ಸೇರಿ ಆ ವಾರದ ಬತ್ತಿ ಹಚ್ಚೋಣ. ಮಕ್ಕಳು ಒಂದು ಒಳ್ಳೆಯ ಕೆಲಸ ಮಾಡಿದಾಗಲೆಲ್ಲ ಖಾಲಿ ಗೋದಲಿಗೆ ಒಂದು ಹುಲ್ಲುಕಡ್ಡಿ ಇಡಲಿ; ಕೂಸಿನ ಹಾಸಿಗೆ ಹಾಗೆ ಮೆತ್ತಗಾಗಲಿ. ಕೊನೆಯ ವಾರದ ಪಾಪನಿವೇದನೆಯ ಸಾಲಿನಲ್ಲಿ ನಿಲ್ಲುವ ಮುಂಚೆ, ಮಾತು ಬಿಟ್ಟಿರುವ ಅಣ್ಣನಿಗೋ ಅತ್ತಿಗೆಗೋ ಒಂದು ಫೋನ್ ಮಾಡೋಣ. ಬಲಿಪೀಠಕ್ಕೆ ಕಾಣಿಕೆ ತಂದವನು ಮೊದಲು ಸಹೋದರನೊಡನೆ ರಾಜಿಯಾಗಲಿ ಎಂದವರು ಯೇಸುಸ್ವಾಮಿಯೇ ಅಲ್ಲವೇ? ಮನೆಗೆಲಸದಾಕೆಯ, ಕಾವಲುಗಾರನ ಬಾಕಿ ಸಂಬಳವಿದ್ದರೆ ಹಬ್ಬದ ಬಟ್ಟೆಗೆ ಮುಂಚೆ ಅದು ತೀರಲಿ. ಹೊಸ ಅಂಗಿ ಕೊಂಡರೆ ಅಂಥದ್ದೇ ಇನ್ನೊಂದು ಇಲ್ಲದವರ ಮೈಮೇಲಿರಲಿ.

ಇವು ಯಾವುವೂ ದೊಡ್ಡ ಸಾಧನೆಗಳಲ್ಲ. ದಿನಕ್ಕೆರಡು ಬಾರಿ ಚಿಮುಕಿಸುವ ನೀರಿನಂಥವು. ಪೈರನ್ನು ಬೆಳೆಸುವವರು ನಾವಲ್ಲ. ಅದು ದೇವರ ಕೆಲಸ. ಬಿತ್ತುವುದು, ನೀರು ಹಾಕುವುದು, ಕೆದಕಿ ನೋಡದೆ ತಾಳುವುದು ನಮ್ಮ ಪಾಲು.

ಡಿಸೆಂಬರ್ 24ರ ಸಂಜೆ ನಮ್ಮ ಗೋದಲಿಯಲ್ಲಿ ಎಲ್ಲವೂ ಇರುತ್ತದೆ: ರಾಗಿಪೈರು, ದನ, ಕುರಿ, ಕುರುಬರು, ಮರಿಯಮ್ಮ, ಜೋಸೆಫರು. ಅವರಿಬ್ಬರ ನಡುವೆ ಹುಲ್ಲು ಹಾಸಿದ ಜಾಗ ಮಾತ್ರ ಖಾಲಿ. ನಡುರಾತ್ರಿಯ ಬಲಿಪೂಜೆ ಮುಗಿಸಿ ಬಂದ ಮೇಲೆ ಮನೆಯ ಕಿರಿಯ ಮಗು ಕೂಸನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಿ ಮಲಗಿಸುತ್ತದೆ. ಆ ಜಾಗವನ್ನು ನಾಲ್ಕು ವಾರ ಬೇರೇನನ್ನೂ ಇಡದೆ ಕಾಯ್ದುಕೊಂಡದ್ದೇ ನಮ್ಮ ಸಿದ್ಧತೆ. ಈ ವರ್ಷ ನಿಮ್ಮ ಮನೆಯಲ್ಲೂ, ನಿಮ್ಮ ಮನಸ್ಸಿನಲ್ಲೂ ಅಷ್ಟು ಜಾಗ ಖಾಲಿ ಬಿಡಿ.